ದುಡಿಮೆಗೆ ಮೇರೆ ಬೇಡವೆ?

ದೇಶವು ಮುಂದುವರಿಯಬೇಕಾದರೆ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ಶ್ರೀ ಎನ್. ಆರ್. ನಾರಾಯಣಮೂರ್ತಿಯವರು 2023ರಲ್ಲಿ ನುಡಿದರು. 2025ರ ಜನವರಿಯಲ್ಲಿ ಬೆಳಕಿಗೆ ಬಂದ ಮಾತುಗಳಲ್ಲಿ ಲಾರ್ಸೆನ್ ಅಂಡ್ ಟೂಬ್ರೋ ಅಧ್ಯಕ್ಷರು ಆ ಸಂಖ್ಯೆಯನ್ನು 90ಕ್ಕೆ ಏರಿಸಿದರು. ಇವೆರಡರ ನಡುವೆ, 2024ರ ಜುಲೈ ತಿಂಗಳಲ್ಲಿ, ಮಾಹಿತಿ ತಂತ್ರಜ್ಞಾನದ ನೌಕರರನ್ನು ದಿನಕ್ಕೆ 12 ಗಂಟೆಗಳಿಗೂ ಮೀರಿ ದುಡಿಸಿಕೊಳ್ಳಲು ಅವಕಾಶ ಕೊಡುವ ಸಲಹೆಯು ಕರ್ನಾಟಕ ಸರಕಾರದ ಮುಂದೆ ಬಂದಿತು. ನೌಕರರ ಸಂಘವು ಅದನ್ನು ಬಲವಾಗಿ ಪ್ರತಿಭಟಿಸಿತು. ಈ ಹಿರಿಯರ ದೇಶಾಭಿಮಾನವನ್ನು ನಾವು ಶಂಕಿಸುವುದಿಲ್ಲ. ಅವರ ಲೆಕ್ಕವನ್ನು ಮಾತ್ರ ಒಪ್ಪಲಾರೆವು.

1919ರಲ್ಲಿ ವಾಷಿಂಗ್ಟನ್ನಿನಲ್ಲಿ ನೆರೆದ ಪ್ರಥಮ ಅಂತರರಾಷ್ಟ್ರೀಯ ಕಾರ್ಮಿಕ ಸಮ್ಮೇಳನವು ಕಾರ್ಖಾನೆಯ ದುಡಿಮೆಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳೆಂದು ಗೊತ್ತುಪಡಿಸಿತು. ಪರಾಧೀನವಾಗಿದ್ದ ಹಿಂದುಸ್ಥಾನಕ್ಕೆ 60 ಗಂಟೆಗಳ ಅಪವಾದವನ್ನು ಕಲ್ಪಿಸಿತು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರ ಕಾರ್ಖಾನೆ ಕಾಯಿದೆಯಲ್ಲಿ, ನಾವು 48 ಗಂಟೆಗಳ ಮಿತಿಯನ್ನು ಸ್ಥಿರಪಡಿಸಿಕೊಂಡೆವು. ಅಂದು ಪರಾಧೀನರಿಗೆ ಹಾಕಿದ ಮೇರೆಯನ್ನೂ ಇಂದು ಸ್ವತಂತ್ರರು ಮೀರಬೇಕೆಂಬುದು ಯಾವ ಬಗೆಯ ಪ್ರಗತಿ?

ಇದು ಕೇವಲ ಅಭಿಮಾನದ ಮಾತಲ್ಲ, ಪ್ರಾಣದ ಮಾತು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಿಗೆ ಮೆದುಳಿನ ಆಘಾತದ ಭಯ ಶೇಕಡ 35ರಷ್ಟೂ, ಹೃದ್ರೋಗದಿಂದ ಮಡಿಯುವ ಭಯ ಶೇಕಡ 17ರಷ್ಟೂ ಅಧಿಕವೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಪ್ರಕಟಿಸಿದವು. ಮಿತಿಮೀರಿದ ದುಡಿಮೆಗೆ 2016ರಲ್ಲಿ ಜಗತ್ತಿನಾದ್ಯಂತ ಬಲಿಯಾದವರು ಸುಮಾರು 7,45,000 ಮಂದಿ ಎಂಬುದು ಆ ಸಂಸ್ಥೆಗಳ ಅಂದಾಜು. ನೌಕರನು ಸೋತು ಬಸವಳಿದು ಕೆಲಸದಲ್ಲಿ ವಿಮುಖನಾಗುವುದಕ್ಕೆ ಕಾರಣವು ಉದ್ಯೋಗದ ಸ್ಥಳದಲ್ಲಿ ಪರಿಹಾರ ಕಾಣದೆ ಉಳಿದ ಒತ್ತಡವೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿಯೇ ವಿವರಿಸಿತ್ತು. ಎಂದ ಮೇಲೆ ದೋಷವನ್ನು ನೌಕರನ ಮನೋದೌರ್ಬಲ್ಯಕ್ಕೆ ಕಟ್ಟುವುದು ನ್ಯಾಯವಲ್ಲ.

ಪರದೇಶಗಳೊಡನೆ ಸ್ಪರ್ಧಿಸಬೇಕಲ್ಲವೆ ಎಂದು ಮಾಲಿಕರು ಕೇಳುವರು. ನಿದ್ದೆಗೆಟ್ಟವನು ಇರುಳಿನಲ್ಲಿ ಮಾಡಿದ ತಪ್ಪನ್ನು ಹಗಲಿನಲ್ಲಿ ಮತ್ತೊಬ್ಬನು ತಿದ್ದಬೇಕಾದರೆ ಲಾಭವೆಲ್ಲಿ ಬಂತು? ಕೆಲವು ಕಚೇರಿಗಳು ಆಗೊಮ್ಮೆ ಈಗೊಮ್ಮೆ ಯೋಗದ ತರಗತಿಯನ್ನು ನಡೆಸಿ ಕೈತೊಳೆದುಕೊಳ್ಳುತ್ತವೆ. ಇದು ಹೊರೆಯನ್ನಿಳಿಸದೆ ಬೆನ್ನಿಗೆ ಎಣ್ಣೆ ಹಚ್ಚಿದಂತೆ.

ಮಾಡಬೇಕಾದುದು ಕಠಿಣವೇನಲ್ಲ. ದುಡಿದ ಗಂಟೆಗಳು ಪ್ರಾಮಾಣಿಕವಾಗಿ ದಾಖಲಾಗಲಿ. ಹೆಚ್ಚಿನ ದುಡಿಮೆಗೆ ಹೆಚ್ಚಿನ ವೇತನ ಸಲ್ಲಲಿ. ಕೆಲಸ ಹೆಚ್ಚಿದಲ್ಲಿ ಇದ್ದವರನ್ನೇ ಹಿಂಡದೆ ಹೊಸಬರನ್ನು ನೇಮಿಸಲಿ. ಕೆಲಸದ ವೇಳೆ ಮುಗಿದ ಮೇಲೆ ದೂರವಾಣಿಯಿಂದಲೂ ಅಂಚೆಯಿಂದಲೂ ಬಿಡುವು ಪಡೆಯುವ ನೌಕರನ ಹಕ್ಕನ್ನು ಫ್ರಾನ್ಸ್ ದೇಶವು 2017ರಿಂದ ಕಾಯಿದೆಯಲ್ಲಿ ಮಾನ್ಯಮಾಡಿದೆ. ನಮ್ಮ ಶಾಸನಸಭೆಗಳೂ ಅದನ್ನು ಪರ್ಯಾಲೋಚಿಸಲಿ. ಕೈಕೆಳಗಿನವರಿಗೆ ನಡುರಾತ್ರಿಯಲ್ಲಿ ಆಜ್ಞೆ ಕಳಿಸುವ ಸರಕಾರಿ ಅಧಿಕಾರಿಗಳು ಈ ಸುಧಾರಣೆಯನ್ನು ತಮ್ಮ ಕಚೇರಿಗಳಿಂದಲೇ ಆರಂಭಿಸಬಹುದು. ಅದಕ್ಕೆ ಯಾವ ಕಾಯಿದೆಯೂ ಬೇಕಾಗಿಲ್ಲ. ದೇಶವನ್ನು ಕಟ್ಟುವವರು ಮೊದಲು ಬದುಕಿ ಉಳಿಯಬೇಕು.