ತೊಟ್ಟಿಲಿನ ಬಣ್ಣದ ವಾಸನೆ

ಹಬ್ಬವೋ ನಾಮಕರಣವೋ ಹತ್ತಿರವಾದೊಡನೆ ನಮ್ಮ ಮನೆಗಳಲ್ಲಿ ಬಣ್ಣದ ಡಬ್ಬಿ ತೆರೆಯುತ್ತದೆ. ಹಳೆಯ ಬೀರು, ಮೇಜು, ಅಟ್ಟದಿಂದ ಇಳಿದ ತೊಟ್ಟಿಲು, ಎಲ್ಲಕ್ಕೂ ಹೊಸ ಹೊಳಪು ಬೇಕು. ಅದೂ ಮೂರು ದಿನದೊಳಗೆ. ಕೆಲಸ ಮುಗಿದ ಮೇಲೆ ವಾಸನೆ ಉಳಿಯುತ್ತದೆ. ಅದನ್ನು ಓಡಿಸಲು ಊದುಬತ್ತಿ, ಸಾಂಬ್ರಾಣಿ, ಅಂಗಡಿಯ ಸುಗಂಧದ ಸ್ಪ್ರೇ ಎಲ್ಲವೂ ಬರುತ್ತವೆ. ಈ ಕ್ರಮ ಸರಿಯಲ್ಲವೆಂಬುದು ನನ್ನ ಖಚಿತ ಅಭಿಪ್ರಾಯ. ವಾಸನೆಯನ್ನು ಹೊರಗೆ ಕಳುಹಿಸಬೇಕೇ ವಿನಾ ಇನ್ನೊಂದು ವಾಸನೆಯಿಂದ ಮುಚ್ಚಬಾರದು.

ಇತ್ತೀಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ: "ಸಾರ್, ಅಜ್ಜಿಯ ಕಾಲದ ತೊಟ್ಟಿಲಿಗೆ ಎನಾಮೆಲ್ ಹಚ್ಚಿಸಿದೆ. ಮುಟ್ಟಿದರೆ ಒಣಗಿದೆ, ವಾಸನೆ ಮಾತ್ರ ಹೋಗಿಲ್ಲ. ನಾಡಿದ್ದು ನಾಮಕರಣ. ಏನು ಮಾಡಲಿ?" ಶಾಸ್ತ್ರಕ್ಕೆ ಸೀರೆಯ ಜೋಲಿ ಕಟ್ಟಿ, ತೊಟ್ಟಿಲನ್ನು ಹೊರಗಿನ ಪಡಸಾಲೆಯಲ್ಲಿಡು ಎಂದೆ. "ಮನೆಯ ಹಿರಿಯರು ಏನೆಂದಾರು?" ಎಂದು ಅವನು ಅಳುಕಿದ. ಆ ಅಳುಕಿಗಾಗಿಯೇ ಈ ಲೇಖನ.

ಬಣ್ಣ ಒಣಗುವುದೆಂದರೆ ಒದ್ದೆ ಬಟ್ಟೆ ಒಣಗಿದಂತಲ್ಲ. ಎಣ್ಣೆಯ ಎನಾಮೆಲ್ ಎರಡು ಹಂತಗಳಲ್ಲಿ ಗಟ್ಟಿಯಾಗುತ್ತದೆ. ಮೊದಲು ಅದರಲ್ಲಿನ ಟರ್ಪೆಂಟೈನ್‌ನಂಥ ದ್ರಾವಕ ಆವಿಯಾಗಿ ಹೋಗುತ್ತದೆ. ಅನಂತರ ಉಳಿದ ಎಣ್ಣೆಯ ಅಂಶ ಗಾಳಿಯ ಆಮ್ಲಜನಕವನ್ನು ಹೀರಿ ನಿಧಾನವಾಗಿ ಬಿಗಿಯುತ್ತದೆ; ಈ ಕ್ರಿಯೆಯೂ ತನ್ನದೇ ಆದ ವಾಸನೆಯ ಅನಿಲಗಳನ್ನು ಹೊರಬಿಡುತ್ತದೆ. ಕೈಗೆ ಅಂಟದಂತಾಗಲು ಕೆಲವು ಗಂಟೆಗಳು ಸಾಕು; ಒಳಗಿನವರೆಗೆ ಗಟ್ಟಿಯಾಗಲು ವಾರಗಳೇ ಬೇಕು. ಒಮ್ಮೆಗೇ ದಪ್ಪವಾಗಿ ಬಳಿದರೆ ಹಾಲಿನ ಮೇಲೆ ಕೆನೆ ಕಟ್ಟಿದಂತೆ ಮೇಲ್ಪದರ ಬಿಗಿದು ಒಳಗಿನ ದ್ರಾವಕ ಸಿಕ್ಕಿಬೀಳುತ್ತದೆ. ಮೊದಲ ಕೋಟ್ ಆರುವ ಮುನ್ನವೇ ಎರಡನೆಯದನ್ನು ಬಳಿದರೂ ಇದೇ ಗತಿ. ಕಲಬುರಗಿಯ ಬೇಸಿಗೆಯಲ್ಲಿ ಬೇಗ ಆಗುವ ಕೆಲಸ ತೀರ್ಥಹಳ್ಳಿಯ ಆಷಾಢದಲ್ಲಿ ಬಹಳ ತಡವಾಗುತ್ತದೆ; ತಂಪು ಮತ್ತು ತೇವ ಎರಡೂ ಅದರ ವೈರಿಗಳು.

ಆದುದರಿಂದ ವಾಸನೆಯೆಂದರೆ ಕೆಲಸ ಇನ್ನೂ ಮುಗಿದಿಲ್ಲವೆಂಬ ಸೂಚನೆ. ಅದರ ಮೇಲೆ ಧೂಪ ಹಾಕಿದರೆ ಉಸಿರಾಡುವ ಗಾಳಿಗೆ ಹೊಗೆಯೂ ಸೇರಿತಷ್ಟೆ. ಆ ಆವಿ ಬೆಂಕಿಗೆ ಬೇಗ ಹೊತ್ತಿಕೊಳ್ಳುವಂಥದು. ಹೊಸದಾಗಿ ಬಣ್ಣ ಬಳಿದ ಮುಚ್ಚಿದ ಕೋಣೆಯಲ್ಲಿ ಕರ್ಪೂರ ಹಚ್ಚುವುದು ಅಪಾಯಕರ. ಹೆಚ್ಚಿದ ಈರುಳ್ಳಿ, ನೀರಿನ ಬಟ್ಟಲು ಮುಂತಾದವುಗಳಿಂದ ಹೇಳಿಕೊಳ್ಳುವ ಫಲವಿಲ್ಲ. ಬೀರುವಿನೊಳಗೆ ಇದ್ದಿಲಿಟ್ಟರೆ ಸ್ವಲ್ಪ ಆವಿಯನ್ನು ಹೀರೀತು. ಬಣ್ಣ ಬೇಗ ಬಲಿಯುವಂತೆ ಮಾಡಲಾರದು.

ಮಾಡಬೇಕಾದುದು ಸರಳ. ಸಾಮಾನನ್ನು ಗಾಳಿಯಾಡುವ ನೆರಳಿನಲ್ಲಿಡಿ. ಹಸಿ ಬಣ್ಣಕ್ಕೆ ಕಡು ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು. ಡ್ರಾಯರುಗಳನ್ನು ಪೂರ್ತಿ ಹೊರಗೆಳೆಯಿರಿ, ಬಾಗಿಲುಗಳನ್ನು ತೆರೆದಿಡಿ. ಮನೆಯೊಳಗೇ ಇಡಬೇಕಾದರೆ ಎದುರುಬದುರು ಕಿಟಕಿಗಳನ್ನು ತೆರೆದು, ಫ್ಯಾನಿನ ಗಾಳಿ ಹೊರಗೆ ಹೋಗುವಂತೆ ತಿರುಗಿಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಹೀರಿದ ಬಟ್ಟೆ ತಾನಾಗಿಯೇ ಕಾದು ಹೊತ್ತಿಕೊಳ್ಳಬಲ್ಲದು. ಬಿಡಿಸಿ ಹರಡಿ ಒಣಗಿಸಿ. ಕೊನೆಯದಾಗಿ, ನಿಮ್ಮ ಮೂಗನ್ನೇ ನಂಬಬೇಡಿ. ಒಂದೇ ವಾಸನೆಯ ನಡುವೆ ಇದ್ದವರಿಗೆ ಅದು ತಿಳಿಯದಾಗುತ್ತದೆ. ಬೀರುವನ್ನು ಒಂದು ರಾತ್ರಿ ಮುಚ್ಚಿಟ್ಟು, ಬೆಳಿಗ್ಗೆ ನೆರೆಮನೆಯವರನ್ನು ಕರೆದು ಬಾಗಿಲು ತೆಗೆಸಿ ನೋಡಿ.

ಚನ್ನಪಟ್ಟಣದ ಬೊಂಬೆಗಳನ್ನು ಮೂಸಿ ನೋಡಿದವರಿಗೆ ಒಂದು ವಿಷಯ ತಿಳಿದಿರುತ್ತದೆ. ಅವುಗಳಲ್ಲಿ ಬಣ್ಣವಿದೆ, ಈ ಕಟುವಾಸನೆಯಿಲ್ಲ. ಅಲ್ಲಿನ ಕುಶಲಕರ್ಮಿಗಳು ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಹಿಡಿಯುತ್ತದೆ. ದ್ರಾವಕವೇ ಇಲ್ಲವಾದುದರಿಂದ ಆವಿಯಾಗುವುದೂ ಇಲ್ಲ. ಕಟುವಾಸನೆ ಬಹುಪಾಲು ಬಣ್ಣದ್ದಲ್ಲ, ಅದನ್ನು ಹೊತ್ತು ತಂದ ದ್ರವದ್ದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ಬೇಕಿಲ್ಲ. ಇಂದು ನೀರಿನಲ್ಲಿ ಕಲಸುವ ಎನಾಮೆಲ್ ಅಂಗಡಿಗಳಲ್ಲಿ ಸಿಗುತ್ತದೆ. ಮಕ್ಕಳ ಸಾಮಾನಿಗೆ ಅದನ್ನೇ ಕೇಳಿ ತನ್ನಿ.

ಇನ್ನೊಂದು ಮಾತು, ಇದು ವಾಸನೆಗಿಂತ ಗಂಭೀರವಾದುದು. ನಮ್ಮ ದೇಶದಲ್ಲಿ ಗೃಹಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣವನ್ನು ಹತ್ತು ಲಕ್ಷ ಭಾಗಗಳಲ್ಲಿ 90ಕ್ಕೆ ಮಿತಿಗೊಳಿಸುವ ನಿಯಮ 2016ರಲ್ಲಿ ಹೊರಟು, 2017ರ ನವೆಂಬರಿನಿಂದ ಜಾರಿಗೆ ಬಂದಿತು. ಅದಕ್ಕೆ ಮುಂಚಿನ ಹಳೆಯ ತೊಟ್ಟಿಲುಗಳ ಪದರಗಳಲ್ಲಿ ಸೀಸ ಹೆಚ್ಚಿರುವ ಸಂಭವವುಂಟು. ಸೀಸಕ್ಕೆ ಮೂಗು ಹಿಡಿಯುವಂಥ ವಾಸನೆಯಿಲ್ಲ. ಮಗುವಿನ ಮೆದುಳಿಗೆ ಮಾತ್ರ ಅದು ಹಾನಿ ಮಾಡುತ್ತದೆ. ಹಳೆಯ ಬಣ್ಣವನ್ನು ಒಣದಾಗಿ ಮರಳು ಕಾಗದದಿಂದ ಉಜ್ಜಿ ಧೂಳೆಬ್ಬಿಸಬೇಡಿ. ಗರ್ಭಿಣಿಯರೂ ಮಕ್ಕಳೂ ಇರುವ ಮನೆಯಲ್ಲಂತೂ ಕೂಡದು. ಹಳೆಯ ಬಣ್ಣ ಚಕ್ಕೆ ಏಳುತ್ತಿದ್ದರೆ ಆ ತೊಟ್ಟಿಲನ್ನು ನೆನಪಿಗಾಗಿ ಎತ್ತಿಡುವುದೇ ಲೇಸು.

ಎಳೆಯ ಶಿಶು ತನ್ನ ತೂಕಕ್ಕೆ ಹೋಲಿಸಿದರೆ ನಮಗಿಂತ ಹೆಚ್ಚು ಗಾಳಿಯನ್ನು ಉಸಿರಾಡುತ್ತದೆ. ತಲೆನೋವೆಂದು ಹೇಳಲು ಅದಕ್ಕೆ ಬಾರದು, ಎದ್ದು ಹೊರಗೆ ಹೋಗಲೂ ಬಾರದು. ಅದರ ಪರವಾಗಿ ಮಾತನಾಡಬೇಕಾದವರು ಹಿರಿಯರೇ. ಹೆರಿಗೆಯ ದಿನವನ್ನು ವೈದ್ಯರು ತಿಂಗಳುಗಳ ಮುಂಚೆಯೇ ತಿಳಿಸಿರುತ್ತಾರೆ. ಸೀಮಂತದ ಪಟ್ಟಿ ಬರೆಯುವಾಗಲೇ ತೊಟ್ಟಿಲಿನ ಬಣ್ಣವನ್ನೂ ಅದರಲ್ಲಿ ಸೇರಿಸಿಕೊಳ್ಳಿ.