ಹಂಪಿಯನ್ನು ಸಾಕ್ಷಿಗೆ ಕರೆಯುವ ಮುನ್ನ

ಜನವರಿ 23 ಬಂತೆಂದರೆ ಫೋನಿಗೆ ಬಿಡುವಿಲ್ಲ. ಉಗ್ರನರಸಿಂಹನ ಚಿತ್ರ, ಅದರ ಹಿಂದೆ ಕಂಪ್ಯೂಟರಿನಲ್ಲಿ ಹಚ್ಚಿದ ಬೆಂಕಿ, ಕೆಳಗೆ ಕೆಂಪಕ್ಷರದಲ್ಲಿ ತಾಳಿಕೋಟೆ ಯುದ್ಧದ ವರ್ಷ, 1565. ಜೊತೆಗೆ ಎಲ್ಲರಿಗೂ ಬಾಯಿಪಾಠವಾಗಿರುವ ಕಥೆ: ಐವರು ಸುಲ್ತಾನರು ಧರ್ಮಕ್ಕಾಗಿ ಒಂದಾದರು, ವಿಜಯನಗರದ ಹಿಂದೂ ಸಾಮ್ರಾಜ್ಯ ಒಂದೇ ದಿನದಲ್ಲಿ ಮಣ್ಣುಪಾಲಾಯಿತು, ಇನ್ನಾದರೂ ಎಚ್ಚರಗೊಳ್ಳಿ. ಯಾರ ವಿರುದ್ಧ ಎಚ್ಚರಗೊಳ್ಳಬೇಕು ಎಂದು ಬರೆದಿರುವುದಿಲ್ಲ. ಬರೆಯುವ ಅಗತ್ಯವೂ ಇಲ್ಲ, ಓದಿದವರಿಗೆಲ್ಲ ಗೊತ್ತಾಗುತ್ತದೆ.

ಮೊದಲು ಎಣಿಕೆ ಸರಿಮಾಡಿಕೊಳ್ಳೋಣ. ಐವರಲ್ಲ, ನಾಲ್ವರು. ಅಹಮದ್‌ನಗರದ ಹುಸೇನ್ ನಿಜಾಮ್ ಶಾ, ವಿಜಯಪುರದ ಅಲಿ ಆದಿಲ್ ಶಾ, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ, ಬೀದರಿನ ಅಲಿ ಬರೀದ್. ಬೀರಾರದವನು ಬರಲೇ ಇಲ್ಲ. ಅವನ ಸೇನಾಪತಿ ಜಹಾಂಗೀರ್ ಖಾನನನ್ನು ಇದೇ ಹುಸೇನ್ ಕೊಲ್ಲಿಸಿದ್ದ. ಕೊಲ್ಲಿಸು ಎಂದು ಷರತ್ತು ಹಾಕಿದವನು ಯಾರು? ಆಗ ವಿಜಯನಗರದ ಆಡಳಿತ ಹಿಡಿದಿದ್ದ ಅಳಿಯ ರಾಮರಾಯ. ಇದನ್ನು ಹೇಳುವವನು ಇತಿಹಾಸಕಾರ ಫಿರಿಶ್ತಾ, ನಮ್ಮ ಫಾರ್ವರ್ಡ್ ವೀರರು ತಮಗೆ ಬೇಕಾದ ಸಾಲುಗಳನ್ನಷ್ಟೇ ಹೆಕ್ಕಿಕೊಳ್ಳುವ ಅದೇ ಫಿರಿಶ್ತಾ.

ಈಗ ನನ್ನದೊಂದೇ ಪ್ರಶ್ನೆ. ಇದಕ್ಕೆ ಉತ್ತರ ಕೊಡದೆ ಯಾರೂ ನನ್ನ ಮುಂದೆ ತಾಳಿಕೋಟೆಯ ಹೆಸರೆತ್ತಬಾರದು. 1543ರಲ್ಲಿ ಗೋಲ್ಕೊಂಡದ ಸುಲ್ತಾನ್ ಕುಲಿಯ ಕೊಲೆಯಾಯಿತು. ಮಗ ಜಮ್ಶೀದ್ ಪಟ್ಟವೇರಿದ. ಜೀವ ಉಳಿಸಿಕೊಳ್ಳಲು ಓಡಿದ ಕಿರಿಯ ಮಗ ಇಬ್ರಾಹಿಂ ಎಲ್ಲಿಗೆ ಹೋದ? ಮಕ್ಕಾಗೆ? ಅಲ್ಲ, ಬೀದರಿನ ಮೂಲಕ ಹಂಪಿಗೆ ಬಂದ. ಒಂದೆರಡು ತಿಂಗಳಲ್ಲ, ಏಳು ವರ್ಷ ರಾಮರಾಯನ ಆಶ್ರಯದಲ್ಲಿದ್ದ. ಅವನ ಉಪ್ಪುಂಡ, ಅವನು ಕೊಟ್ಟ ಜಹಗೀರಿನಲ್ಲಿ ಬದುಕಿದ. 1550ರಲ್ಲಿ ಅವನ ಬೆಂಬಲದಿಂದಲೇ ಗೋಲ್ಕೊಂಡದ ಗದ್ದುಗೆ ಏರಿದ. ಮುಂದೆ ತೆಲುಗು ಕವಿಗಳು ಇವನನ್ನು ಮಲ್ಕಿಭರಾಮನೆಂದು ಕೊಂಡಾಡಿ ಕಾವ್ಯ ಅರ್ಪಿಸಿದರು. 1565ರಲ್ಲಿ ಕೃಷ್ಣೆಯ ದಡದಲ್ಲಿ ರಾಮರಾಯನೆದುರು ಸೈನ್ಯ ನಿಲ್ಲಿಸಿದ್ದೂ ಇವನೇ. ಧರ್ಮಯುದ್ಧವೆನ್ನುವವರು ಈ ಏಳು ವರ್ಷಗಳನ್ನು ಎಲ್ಲಿಡುತ್ತಾರೆ? ಆಗ ಇಬ್ರಾಹಿಮನಿಗೆ ಧರ್ಮವಿರಲಿಲ್ಲವೆ? ಅಥವಾ ಆಶ್ರಯ ಕೊಟ್ಟ ರಾಮರಾಯನಿಗೆ ಇರಲಿಲ್ಲವೆ?

ಅಲಿ ಆದಿಲ್ ಶಾನ ಕಥೆ ಇನ್ನೂ ಸೊಗಸು. ರಾಮರಾಯನಿಗೆ ಪುತ್ರಶೋಕವಾದಾಗ ಈ ಹುಡುಗ ಸುಲ್ತಾನ ಬೆರಳೆಣಿಕೆಯ ಸವಾರರೊಂದಿಗೆ ಹಂಪಿಗೆ ಮಾತಾಡಿಸಲು ಬಂದನಂತೆ. ರಾಮರಾಯನ ಹೆಂಡತಿ ಅವನನ್ನು ಮಗನೆಂದೇ ಕರೆದಳಂತೆ. ಹೊರಟಾಗ ರಾಮರಾಯ ಊರಾಚೆಯವರೆಗೆ ಬಂದು ಬೀಳ್ಕೊಡಲಿಲ್ಲ, ಅದು ಅಲಿಯ ಮನಸ್ಸಿಗೆ ಚುಚ್ಚಿತು ಎನ್ನುತ್ತಾನೆ ಫಿರಿಶ್ತಾ. ಆಮೇಲೆ ವಿಜಯಪುರ, ಗೋಲ್ಕೊಂಡ, ವಿಜಯನಗರ ಮೂರೂ ಸೇರಿ ಅಹಮದ್‌ನಗರದ ಮೇಲೆ ಬಿದ್ದವು. ಆ ದಂಡಯಾತ್ರೆಯಲ್ಲಿ ವಿಜಯನಗರದ ಸೈನಿಕರು ಮಸೀದಿಗಳನ್ನು ಹಾಳುಗೆಡವಿದರು ಎಂಬ ದೂರನ್ನೂ ಫಿರಿಶ್ತಾ ದಾಖಲಿಸಿದ್ದಾನೆ. ಆಗ ಅವರ ಪಕ್ಕದಲ್ಲಿ ಹೆಗಲೆಣೆಯಾಗಿ ನಡೆಯುತ್ತಿದ್ದದ್ದು ಅಲಿಯ ಸೈನ್ಯ.

ಸೋತ ಹುಸೇನ್ ರಾಮರಾಯನ ಡೇರೆಗೆ ಬಂದು ಅವನ ಕೈಯಿಂದ ವೀಳ್ಯ ತೆಗೆದುಕೊಳ್ಳಬೇಕಿತ್ತು. ಬಂದ. ಕೈ ಮುಟ್ಟಿದ ಮೇಲೆ ಎಲ್ಲರೆದುರೇ ನೀರು ತರಿಸಿ ಕೈ ತೊಳೆದುಕೊಂಡ. ರಾಮರಾಯ ಕುದಿದುಹೋದ. ತಾನೂ ನೀರು ತರಿಸಿ ಕೈ ತೊಳೆದ. ನನ್ನನ್ನು ಕೇಳಿದರೆ ತಾಳಿಕೋಟೆಯ ಯುದ್ಧ ಶುರುವಾದದ್ದು ಆ ನೀರಿನ ಚೆಂಬಿನಲ್ಲಿ. ಅದರೊಳಗೆ ಕಲ್ಯಾಣದ ಕೋಟೆಯಿದೆ, ರಾಯಚೂರಿನ ದೋಆಬ್ ಇದೆ, ಒಬ್ಬನನ್ನು ಇನ್ನೊಬ್ಬನ ಮೇಲೆ ಛೂ ಬಿಡುತ್ತ ಇಪ್ಪತ್ತು ವರ್ಷ ದಖ್ಖನ್ನನ್ನು ಕುಣಿಸಿದ ಮುದುಕನೊಬ್ಬನ ಸೊಕ್ಕಿದೆ. ಆ ಮುದುಕನಿಂದ ಪೆಟ್ಟು ತಿಂದವರು ಕೊನೆಗೆ ಒಂದಾದರು. ಒಂದಾದದ್ದು ಹೇಗೆ? ಹುಸೇನನ ಮಗಳು ಚಾಂದಬೀಬಿಯನ್ನು ಅಲಿಗೆ ಕೊಟ್ಟು, ಬಳುವಳಿಯಾಗಿ ಸೊಲ್ಲಾಪುರದ ಕೋಟೆ ಕೊಟ್ಟು, ಅಲಿಯ ತಂಗಿಯನ್ನು ಹುಸೇನನ ಮಗನಿಗೆ ತಂದು. ಧರ್ಮಕ್ಕಾಗಿ ಒಂದಾಗುವವರಿಗೆ ಸೊಲ್ಲಾಪುರ ಯಾಕೆ ಬೇಕಿತ್ತು?

ದ್ರೋಹದ ಮಾತು ಬರುತ್ತದೆ, ಗೊತ್ತು. ರಾಮರಾಯನ ಸೈನ್ಯದಲ್ಲಿದ್ದ ಇಬ್ಬರು ಮುಸ್ಲಿಂ ಸೇನಾನಿಗಳು ನಡುವಿನಲ್ಲಿ ಪಕ್ಷ ಬದಲಿಸಿದರು ಎಂಬ ಕಥೆ ಇವರಿಗೆ ಬಲು ಪ್ರಿಯ. ಅದನ್ನು ಬರೆದವನು ಯುದ್ಧವಾಗಿ ಎರಡು ವರ್ಷದ ನಂತರ, 1567ರಲ್ಲಿ ಬಂದು ಏಳು ತಿಂಗಳು ಉಳಿದ ವೆನಿಸ್‌ನ ವ್ಯಾಪಾರಿ ಸೀಸರ್ ಫ್ರೆಡೆರಿಕ್. ಒಬ್ಬೊಬ್ಬರ ಕೈಕೆಳಗೆ ಎಪ್ಪತ್ತೆಂಬತ್ತು ಸಾವಿರ ಜನ ಇದ್ದರಂತೆ. ಅಂಕಿ ಬಿಡಿ, ವ್ಯಾಪಾರಿಯ ಬಾಯಿ. ಆದರೆ ಮಾತು ನಿಜವೆಂದೇ ಹಿಡಿಯೋಣ. ಹಾಗಿದ್ದರೆ ನಿಮ್ಮ ಹಿಂದೂ ಸಾಮ್ರಾಜ್ಯದ ಅರ್ಧ ದಂಡು ಅವರ ಕೈಯಲ್ಲಿ ಇದ್ದದ್ದು ಹೇಗೆ? ಎರಡನೆಯ ದೇವರಾಯ ಮುಸ್ಲಿಂ ಬಿಲ್ಲಾಳುಗಳನ್ನು ಸೇರಿಸಿಕೊಂಡು ಸಿಂಹಾಸನದ ಮುಂದೆ ಕುರಾನ್ ಇರಿಸಿದ್ದನಂತೆ, ಅವನನ್ನೂ ದೇಶದ್ರೋಹಿ ಪಟ್ಟಿಗೆ ಸೇರಿಸುವಿರೋ? ಅವನ ಅಧಿಕಾರಿ ಅಹಮದ್ ಖಾನ್ 1439ರಲ್ಲಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇವತ್ತಿಗೂ ನಿಂತಿದೆ. ಕಮಾನಿಲ್ಲ, ಗುಮ್ಮಟವಿಲ್ಲ, ಗುಡಿಯ ಮಂಟಪದ್ದೇ ಕಂಬಗಳು, ಗುಡಿಯ ಮಂಟಪದ್ದೇ ಚಪ್ಪಡಿ ಮಾಡು. ಪುಣ್ಯ ದೊರೆಗೆ ಸಲ್ಲಲಿ ಎಂದು ಅವನು ಬರೆಸಿದ ಶಾಸನ ಅಚ್ಚಗನ್ನಡದಲ್ಲಿದೆ. ಪ್ಯಾಕೇಜ್ ಟೂರಿನ ಬಸ್ಸುಗಳು ಅಲ್ಲಿ ನಿಲ್ಲುವುದಿಲ್ಲ.

ಗುಡಿಗಳನ್ನು ಒಡೆದದ್ದು ಸುಳ್ಳೇ ಎಂದು ಕೇಳಬಹುದು. ಸುಳ್ಳಲ್ಲ. ಊರು ಸುಟ್ಟರು, ತಿಂಗಳುಗಟ್ಟಲೆ ಲೂಟಿ ಮಾಡಿದರು, ವಿಠಲನ ಗುಡಿಯಲ್ಲಿ ಬೆಂಕಿಯ ಗುರುತು ಇದೆ. ವಿರೂಪಾಕ್ಷನ ಗೋಪುರ ಮಾತ್ರ ನಿಂತೇ ಇದೆ, ಪೂಜೆಯೂ ನಡೆದಿದೆ. ಗೆದ್ದವರು ಸೋತವರ ದೇವರ ಮೇಲೆ ಕೈ ಹಾಕುವುದು ಆ ಕಾಲದ ರಾಜನೀತಿ. ಕೃಷ್ಣದೇವರಾಯ 1514ರಲ್ಲಿ ಉದಯಗಿರಿಯ ಕೋಟೆ ಗೆದ್ದು ಅಲ್ಲಿಂದ ಬಾಲಕೃಷ್ಣನ ಮೂರ್ತಿ ಹೊತ್ತು ತಂದ. ಅದನ್ನಿಡಲು ಹಂಪಿಯಲ್ಲಿ ಕೃಷ್ಣನ ಗುಡಿ ಕಟ್ಟಿಸಿದ. ಕಿತ್ತುಕೊಂಡದ್ದು ಯಾರಿಂದ? ಪುರಿಯ ಜಗನ್ನಾಥನ ಪರಮಭಕ್ತನಾದ ಗಜಪತಿಯಿಂದ. 1791ರಲ್ಲಿ ಶೃಂಗೇರಿ ಮಠವನ್ನು ಲೂಟಿ ಮಾಡಿದ್ದು ಮರಾಠರ ದಂಡಿನ ಜೊತೆ ಬಂದವರು, ಪುನಃ ಪ್ರತಿಷ್ಠೆಗೆ ಹಣ ಕಳಿಸಿದ್ದು ಟಿಪ್ಪು. ಈ ಯುದ್ಧಗಳಿಗೆ ಯಾವ ಧರ್ಮದ ಹೆಸರಿಡುತ್ತೀರಿ?

ಇನ್ನು ‘ಒಂದೇ ದಿನದಲ್ಲಿ ಮಣ್ಣುಪಾಲು’ ಎಂಬ ಅಳು. ರಾಮರಾಯ ಸತ್ತ, ರಾಜ್ಯ ಸಾಯಲಿಲ್ಲ. ತಮ್ಮ ತಿರುಮಲ ಪೆನುಕೊಂಡೆಗೆ ಹೋದ. (ಲೂಟಿಯಾದ ಕುದುರೆಗಳನ್ನು ತಂದುಕೊಟ್ಟರೆ ಬೆಲೆ ಕೊಡುತ್ತೇನೆಂದು ವ್ಯಾಪಾರಿಗಳನ್ನು ಕರೆಸಿ, ಕುದುರೆ ಬಂದ ಮೇಲೆ ಬರಿಗೈಯಲ್ಲಿ ಕಳಿಸಿದನಂತೆ ಈ ಧರ್ಮರಕ್ಷಕ.) ಆಮೇಲೆ ಚಂದ್ರಗಿರಿ, ವೆಲ್ಲೂರು. 1614ರಲ್ಲಿ ಎರಡನೆಯ ವೆಂಕಟಪತಿ ತೀರಿಕೊಂಡಾಗ ಹೊಸ ದೊರೆಯನ್ನು ಹೆಂಡತಿ ಮಕ್ಕಳ ಸಮೇತ ಮುಗಿಸಿದ್ದು ಯಾವ ಸುಲ್ತಾನನೂ ಅಲ್ಲ, ಜಗ್ಗರಾಯನೆಂಬ ಅವರದೇ ಸರದಾರ. 1610ರಲ್ಲಿ ಶ್ರೀರಂಗಪಟ್ಟಣವನ್ನು ವಿಜಯನಗರದ ಪ್ರತಿನಿಧಿಯ ಕೈಯಿಂದ ಕಸಿದುಕೊಂಡದ್ದು ನಮ್ಮ ರಾಜ ಒಡೆಯರು. ಆ ಗೆಲುವಿನ ದಸರೆಯನ್ನು ನಾವೇ ಪ್ರತಿವರ್ಷ ಟಿಕೆಟ್ ಕೊಂಡು ನೋಡುತ್ತೇವೆ. 1639ರಲ್ಲಿ ವಿಜಯನಗರದ ಮನೆತನದ ಅಧೀನದ ನಾಯಕ ಸಮುದ್ರದ ದಂಡೆಯ ಒಂದು ತುಂಡು ನೆಲವನ್ನು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟ. ಅದೇ ಮದ್ರಾಸ್ ಆಯಿತು, ಅಲ್ಲಿಂದ ಮುಂದೆ ಏನೇನಾಯಿತು ಎಂಬುದನ್ನು ಹೇಳಬೇಕಿಲ್ಲ. 1565ರ ಬಗ್ಗೆ ರಕ್ತ ಕುದಿಯುವವರಿಗೆ 1639ರ ಬಗ್ಗೆ ಒಂದು ಪೋಸ್ಟರೂ ಮಾಡಲು ಬರುವುದಿಲ್ಲ.

ಬರುವುದಾದರೂ ಹೇಗೆ? ಈ ಕಥೆ ಕಟ್ಟಿಕೊಟ್ಟವನೇ ಬಿಳಿಯ ಸಾಹೇಬ. 1900ರಲ್ಲಿ ರಾಬರ್ಟ್ ಸಿವೆಲ್ ಎಂಬ ಮದ್ರಾಸ್ ಪ್ರಾಂತ್ಯದ ಅಧಿಕಾರಿ ವಿಜಯನಗರವನ್ನು ಮರೆತುಹೋದ ಸಾಮ್ರಾಜ್ಯವೆಂದು ಕರೆದು ಪುಸ್ತಕ ಬರೆದ. ಮುಸಲ್ಮಾನರ ಪ್ರವಾಹಕ್ಕೆ ಹಿಂದೂಗಳು ಹಾಕಿದ ಒಡ್ಡು ಎಂಬ ಚೌಕಟ್ಟು ಕೊಟ್ಟ. ಪೇಸ್, ನೂನಿಜ್‌ರ ಪೋರ್ಚುಗೀಸ್ ಬರಹಗಳನ್ನು ಇಂಗ್ಲಿಷಿಗೆ ತಂದದ್ದಕ್ಕೆ ಅವನಿಗೆ ನಾನು ಋಣಿ. ಆದರೆ ಹಿಂದೂ-ಮುಸ್ಲಿಂ ಎಂದೆಂದೂ ಕೂಡಿ ಬಾಳಲಾರರು, ನಡುವೆ ನಿಲ್ಲಲು ತಾವು ಬೇಕೇಬೇಕು ಎಂಬುದು ಆಳುವವರಿಗೆ ಬೇಕಿದ್ದ ಇತಿಹಾಸ. 1977ರಲ್ಲಿ ವಿ. ಎಸ್. ನೈಪಾಲ್ ಅದೇ ಹಂಪಿಯನ್ನು ಮುಂದಿಟ್ಟುಕೊಂಡು ಭಾರತವನ್ನು ಗಾಯಗೊಂಡ ನಾಗರಿಕತೆ ಎಂದ. 2001ರಲ್ಲಿ ನೊಬೆಲ್ ಬಂತು. 2012ರಲ್ಲಿ ಮುಂಬೈಯ ವೇದಿಕೆಯಲ್ಲಿ ಗಿರೀಶ ಕಾರ್ನಾಡರು ನೈಪಾಲರ ಇತಿಹಾಸವನ್ನು ಪ್ರಶ್ನಿಸಿದಾಗ ಅವರ ಮೇಲೆಯೇ ಮುಗಿಬಿದ್ದರು. ಕಾರ್ನಾಡರು ಇದೇ ಯುದ್ಧದ ಬಗ್ಗೆ ಕೊನೆಯ ನಾಟಕ ‘ರಾಕ್ಷಸ ತಂಗಡಿ’ ಬರೆದು ಹೋದರು. ಅವರನ್ನು ಬೈದವರಲ್ಲಿ ಅದನ್ನು ಓದಿದವರೆಷ್ಟು?

ಯುರೋಪಿನವರದೂ ಇದೇ ಪಾಡು. ಶಿಲುಬೆ ಮತ್ತು ಅರ್ಧಚಂದ್ರದ ಮಹಾಸಮರವೆಂದು ಗಂಟಲು ಹರಿದುಕೊಳ್ಳುತ್ತಾರೆ. ಇಬ್ರಾಹಿಂ ಜೀವ ಉಳಿಸಿಕೊಳ್ಳಲು ಓಡಿದ ಅದೇ 1543ರ ಚಳಿಗಾಲದಲ್ಲಿ ಫ್ರಾನ್ಸಿನ ಕ್ರೈಸ್ತ ದೊರೆ ಮೊದಲನೆಯ ಫ್ರಾನ್ಸಿಸ್ ತನ್ನ ತೂಲೋಂ ಬಂದರನ್ನೇ ತುರ್ಕರ ನೌಕಾಪಡೆಗೆ ಬಿಟ್ಟುಕೊಟ್ಟಿದ್ದ. ಊರಿನವರನ್ನು ಖಾಲಿ ಮಾಡಿಸಿದ, ಅಲ್ಲಿನ ದೊಡ್ಡ ಚರ್ಚು ಮಸೀದಿಯಾಯಿತು. ವೈರಿ ಯಾರು? ಇನ್ನೊಬ್ಬ ಕ್ರೈಸ್ತ, ಚಕ್ರವರ್ತಿ ಐದನೆಯ ಚಾರ್ಲ್ಸ್. ಇಷ್ಟಾದರೂ ಹಂಟಿಂಗ್ಟನ್ ಎಂಬ ಅಮೆರಿಕದ ಪ್ರೊಫೆಸರ್ 1993ರಲ್ಲಿ ನಾಗರಿಕತೆಗಳ ಸಂಘರ್ಷವೆಂದು ಬರೆದ, ಎಷ್ಟೋ ಯುದ್ಧಗಳಿಗೆ ಅದು ನೆಪ ಒದಗಿಸಿತು.

ಹಂಪಿಯ ಮೇಲೆ ಇಷ್ಟೊಂದು ಪ್ರೀತಿಯಿದ್ದರೆ ಈಗಿನ ಹಂಪಿಯನ್ನು ನೋಡಿ ಸ್ವಾಮಿ. 2011ರ ಜುಲೈನಲ್ಲಿ ವಿರೂಪಾಕ್ಷನ ಗುಡಿ ಮುಂದಿನ ಬಜಾರಿನಲ್ಲಿ ತಲೆಮಾರುಗಳಿಂದ ಬಾಳಿದ ಸಂಸಾರಗಳ ಮೇಲೆ ಜೆಸಿಬಿ ಹತ್ತಿಸಿದ್ದು ಅಲಿ ಆದಿಲ್ ಶಾ ಅಲ್ಲ, ನಮ್ಮದೇ ಸರ್ಕಾರ. 2019ರಲ್ಲಿ ಹೊರಬಂದ ವಿಡಿಯೊದಲ್ಲಿ ನಗುನಗುತ್ತ ಕಂಬ ಉರುಳಿಸಿದವರು ಬಹಮನಿ ಸೈನಿಕರಲ್ಲ, ಮೋಜಿಗೆ ಬಂದ ಹುಡುಗರು. ಹೊಸಪೇಟೆಯ ನ್ಯಾಯಾಲಯ ತಲಾ 70,000 ರೂಪಾಯಿ ದಂಡ ಹಾಕಿ, ಉರುಳಿಸಿದ ಕಂಬವನ್ನು ಅವರ ಕೈಯಿಂದಲೇ ಎತ್ತಿಸಿ ನಿಲ್ಲಿಸಿತು. 2024ರ ಮೇ ತಿಂಗಳ ಒಂದು ಮಳೆಗೆ ವಿರೂಪಾಕ್ಷ ಗುಡಿಯ ಮುಂದಿನ ಸಾಲುಮಂಟಪದ ಭಾಗ ಕುಸಿಯಿತು. ಅದರ ಬಗ್ಗೆ ರಕ್ತ ಕುದಿಸುವ ಫಾರ್ವರ್ಡ್ ನನಗೆ ಒಂದೂ ಬರಲಿಲ್ಲ. ಸತ್ತ ಸುಲ್ತಾನನನ್ನು ಬೈದರೆ ಓಟು ಸಿಗುತ್ತದೆ, ಜೋಲುವ ಕಲ್ಲಿಗೆ ಆಸರೆ ಕೊಡಬೇಕೆಂದರೆ ದುಡ್ಡು ಬೇಕು.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಹಂಪಿಗೆ ಕರೆದೊಯ್ಯುವ ಮೇಷ್ಟ್ರುಗಳಿಗೆ, ಅಪ್ಪ ಅಮ್ಮಂದಿರಿಗೆ ನನ್ನದೊಂದು ಕೋರಿಕೆ. ಕಲ್ಲಿನ ರಥದ ಮುಂದೆ ಫೋಟೊ ತೆಗೆದಾದ ಮೇಲೆ ಅರ್ಧ ಗಂಟೆ ಉಳಿಸಿಕೊಳ್ಳಿ. ಒಡಿಶಾದ ದೊರೆಯಿಂದ ಗೆದ್ದು ತಂದ ಮೂರ್ತಿಗೆ ಕಟ್ಟಿಸಿದ ಕೃಷ್ಣನ ಗುಡಿಯನ್ನೂ ಅಹಮದ್ ಖಾನನ ಮಸೀದಿಯನ್ನೂ ಒಂದೇ ದಿನ ತೋರಿಸಿ. ಹಾಗೇ ಇಬ್ರಾಹಿಮನ ಏಳು ವರ್ಷದ ಕಥೆಯನ್ನೂ ಹೇಳಿ.