ತೃಪ್ತಿಯ ಉಪದೇಶ

ನಮ್ಮ ಪಟ್ಟಣಗಳಲ್ಲಿ ಈಗ ತೃಪ್ತಿಯ ಉಪದೇಶಕ್ಕೆ ಸುಗ್ಗಿಯ ಕಾಲ. ಭಾನುವಾರದ ಯಾವ ಸಭೆಗೆ ಹೋದರೂ ಬಾಳಿನ ಸಾರವೆಲ್ಲ ಸಣ್ಣಪುಟ್ಟ ಸುಖಗಳಲ್ಲಿಯೇ ಇದೆಯೆಂದು ಹೇಳುವ ಮಹನೀಯರೊಬ್ಬರು ವೇದಿಕೆಯ ಮೇಲೆ ಇದ್ದೇ ಇರುತ್ತಾರೆ. ಈಚೆಗೆ ನಾನು ಕೇಳಿದ ಉಪನ್ಯಾಸವೂ ಅಂಥದೇ. ಉಪನ್ಯಾಸಕರು ಓದಿದವರು, ಮಾತು ಬಲ್ಲವರು. ಮದುವೆಯ ನೆವದಿಂದ ಲಕ್ಷ್ಮೇಶ್ವರದ ಕಡೆಯ ಯಳವತ್ತಿಗೆ ಹೋಗಿದ್ದರಂತೆ. ಅಲ್ಲಿ ಬೇವಿನ ನೆರಳಿನಲ್ಲಿ ಕುಳಿತು ಜೋಳದ ರೊಟ್ಟಿ, ಗುರೆಳ್ಳು ಚಟ್ನಿ, ಹಸಿ ಉಳ್ಳಾಗಡ್ಡಿ ಉಣ್ಣುತ್ತಿದ್ದ ರೈತನೊಬ್ಬನನ್ನು ಕಂಡರಂತೆ. ಅವನ ಮುಖದ ನೆಮ್ಮದಿಯನ್ನು ಬಣ್ಣಿಸಿ, “ಇವನಿಗೆ ಏನು ಕೊರತೆ? ಕೊರತೆಯಿರುವುದು ನಮಗೆ!” ಎಂದು ಮುಗಿಸಿದರು. ಸಭೆ ಚಪ್ಪಾಳೆ ತಟ್ಟಿತು. ನಾನೂ ತಟ್ಟಿದೆ. ಮನೆಗೆ ಬಂದ ಮೇಲೆ, ತಟ್ಟಬಾರದಿತ್ತು ಎನಿಸಿತು. ಏಕೆಂಬುದನ್ನು ಹೇಳುವುದಕ್ಕೆ ಈ ಲೇಖನ.

ಮೊದಲೇ ಒಂದು ಮಾತು ಸ್ಪಷ್ಟವಾಗಲಿ. ಸಣ್ಣ ಸುಖವನ್ನು ಹೀಗಳೆಯುವವರ ಪಕ್ಷ ನನ್ನದಲ್ಲ. ಪುಷ್ಯದ ಚಳಿಯಲ್ಲಿ ಹಾಲುಗಾಳಿನ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿಬಿಸಿಯಾಗಿರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಬೆಲ್ಲ-ಶೇಂಗಾ ಚಟ್ನಿಯ ಸಂಗಡ ತಿನ್ನುವ ಸೀತನಿಯ ರುಚಿ ಯಾವ ದೊಡ್ಡ ಹೋಟೆಲಿನಲ್ಲಿಯೂ ಸಿಕ್ಕುವುದಿಲ್ಲ. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ನೆರೆಹೊರೆಯವರೆಲ್ಲ ಸೇರಿ ಉಣ್ಣುವ ಸಂತೋಷವೂ ಹಾಗೆಯೇ. ಅದೇ ಸೀಮೆಯ ಮಾಗಡಿಯ ಕೆರೆಗೆ ಪ್ರತಿ ಚಳಿಗಾಲವೂ ಹಿಮಾಲಯವನ್ನು ದಾಟಿ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ. ಮುಂಜಾವಿನಲ್ಲಿ ಅವು ಗುಂಪುಗುಂಪಾಗಿ ನೀರಿಗಿಳಿಯುವುದನ್ನು ನೋಡುವುದಕ್ಕೆ ಚೀಟಿ ಕೊಳ್ಳಬೇಕಾಗಿಲ್ಲ. ಇವೆಲ್ಲ ನಿಜವಾದ ಸುಖಗಳು.

ಆದರೆ ಈ ಸುಖಗಳ ಲೆಕ್ಕವನ್ನು ಉಪನ್ಯಾಸಕರು ಅರ್ಧಕ್ಕೇ ನಿಲ್ಲಿಸುತ್ತಾರೆ. ನನ್ನ ಜಗಳ ಅಷ್ಟಕ್ಕೇ.

ಆ ರೊಟ್ಟಿಯನ್ನೇ ತೆಗೆದುಕೊಳ್ಳೋಣ. ಬೇವಿನ ನೆರಳಿಗೆ ಅದು ತಾನಾಗಿ ನಡೆದು ಬರಲಿಲ್ಲ. ನಸುಕಿನಲ್ಲಿ ಎದ್ದು, ಒಲೆಯ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ, ಹಿಟ್ಟು ನಾದಿ ಒಂದೊಂದನ್ನೇ ತಟ್ಟಿದವಳು ಒಬ್ಬ ಹೆಣ್ಣುಮಗಳು. ಆಮೇಲೆ ಬುತ್ತಿ ಹೊತ್ತು ಹೊಲಕ್ಕೆ ಹೋಗಿ ಕಳೆ ತೆಗೆಯುವವಳೂ ಅವಳೇ. ಉಂಡವನ ಮುಖದ ತೃಪ್ತಿಯನ್ನು ಕಂಡ ಉಪನ್ಯಾಸಕರು ತಟ್ಟಿದವಳ ಮುಖವನ್ನು ನೋಡಿದಂತೆ ಕಾಣಲಿಲ್ಲ. ಒಬ್ಬರ ಸಣ್ಣ ಸುಖ ಇನ್ನೊಬ್ಬರ ಅರ್ಧ ದಿನದ ದುಡಿಮೆಯಾಗಿರಬಹುದೆಂಬುದು ನಮ್ಮ ತೃಪ್ತಿಶಾಸ್ತ್ರದಲ್ಲಿ ಬರುವುದೇ ಇಲ್ಲ.

ಇನ್ನು ಜೋಳ. ಹಿಂಗಾರಿ ಜೋಳ ಮಳೆಯನ್ನು ನಂಬಿದ ಪೈರು. ಎರೆಭೂಮಿ ತನ್ನ ಒಡಲಲ್ಲಿ ಹಿಡಿದಿಟ್ಟ ತೇವದ ಮೇಲೆಯೇ ಅದು ಬೆಳೆದು ನಿಲ್ಲಬೇಕು. ಉತ್ತರೆ, ಹಸ್ತ ಕೈಕೊಟ್ಟರೆ ತೆನೆಯೂ ಇಲ್ಲ, ಕಣಿಕೆಯೂ ಇಲ್ಲ. ಬೆಳೆದರೂ ಕೊಯ್ಯುವುದಕ್ಕೆ ಆಳು ಬೇಕು, ಹಕ್ಕಿ ಕಾಯಬೇಕು. ಮನೆಯಲ್ಲಿ ಎತ್ತುಗಳಿದ್ದಾಗ ಅವುಗಳ ಮೇವಿಗಾದರೂ ಜೋಳ ಬಿತ್ತುತ್ತಿದ್ದರು. ಎತ್ತಿನ ಜಾಗಕ್ಕೆ ಟ್ರ್ಯಾಕ್ಟರು ಬಂದಿತು. ಮೇವಿನ ಚಿಂತೆ ಹೋಯಿತು. ಸಾಲ ತೀರಿಸುವ ಚಿಂತೆ ಉಳಿಯಿತು. ಗದಗ ಜಿಲ್ಲೆಯ ಎಷ್ಟೋ ಹೊಲಗಳಲ್ಲಿ ಈಗ ಗೋವಿನಜೋಳವಿದೆ, ಹತ್ತಿಯಿದೆ. ಹತ್ತಿಯನ್ನು ಸುಟ್ಟರೆ ಸೀತನಿಯಾಗುವುದಿಲ್ಲ. ಹೀಗೆ, ಸರಳ ಸುಖವೆಂದು ನಾವು ಹೊಗಳುವ ರೊಟ್ಟಿ ಮಳೆ, ಕೂಲಿ, ಪೇಟೆಯ ಧಾರಣೆ, ಸಾಲದ ಬಡ್ಡಿ ಈ ನಾಲ್ಕು ಕಂಬಗಳ ಮೇಲೆ ನಿಂತಿದೆ. ಕಂಬಗಳ ಮಾತೆತ್ತದೆ ಮಾಳಿಗೆಯ ತಂಪನ್ನಷ್ಟೇ ಹೊಗಳುವುದು ಯಾವ ಬಗೆಯ ವಿವೇಕ?

“ನಮ್ಮ ಶರಣರೂ ಆಸೆ ಬೇಡವೆಂದರಲ್ಲ!” ಎಂದು ಒಬ್ಬರು ಕೇಳಬಹುದು. ಅಂದು ಉಪನ್ಯಾಸಕರೂ ಆಯ್ದಕ್ಕಿ ಲಕ್ಕಮ್ಮನ ಹೆಸರೆತ್ತಿದರು. ಕಥೆ ಎಲ್ಲರಿಗೂ ಗೊತ್ತು. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾರಯ್ಯನದು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ, ನಮಗೆ ಇಷ್ಟು ಬೇಡ, ಹಿಂದಕ್ಕೆ ಸುರಿದು ಬಾ ಎಂದು ಹೆಂಡತಿ ಕಳಿಸಿದಳು. ದೊಡ್ಡ ಮಾತು. ಆದರೆ ಲಕ್ಕಮ್ಮ ಅದನ್ನು ಯಾರಿಗೆ ಹೇಳಿದಳೆಂಬುದನ್ನು ನೋಡಬೇಕು. ತನ್ನ ಗಂಡನಿಗೆ, ತನ್ನ ಮನೆಯ ಮಡಕೆಯ ವಿಷಯದಲ್ಲಿ ಹೇಳಿದಳು. ನೆರೆಮನೆಯ ಬಡವನನ್ನು ಕರೆದು, ನಿನಗೆ ಇಷ್ಟು ಸಾಕು ಎಂದು ಹೇಳಲಿಲ್ಲ. ತನಗೆ ಸಾಕೆಂದರೆ ಅದು ಶೀಲ. ಮತ್ತೊಬ್ಬನಿಗೆ ಸಾಕೆಂದರೆ ಅದು ಜಿಪುಣತನ. ಹೊಟ್ಟೆ ತುಂಬಿದವನು ಅಂದರಂತೂ ಅದಕ್ಕಿಂತ ಕೆಟ್ಟದ್ದು.

ಈ ಸೀಮೆಯ ಜನ ಅಂಥ ತೃಪ್ತಿಯನ್ನು ಎಂದೂ ಒಪ್ಪಿಕೊಂಡವರಲ್ಲ. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘ ಹುಟ್ಟಿತು. ದೇಶದ ಸಹಕಾರ ಚಳವಳಿಯ ಚರಿತ್ರೆಯಲ್ಲಿ ಅದಕ್ಕೆ ಮೊದಲಿನ ಸ್ಥಾನ. ಆ ರೈತರೂ ಇದೇ ರೊಟ್ಟಿ-ಚಟ್ನಿ ಉಂಡವರೇ. ಉಂಡು ತೃಪ್ತರಾಗಿ ಮಲಗಿದ್ದರೆ ಸಾಹುಕಾರನ ಬಡ್ಡಿ ಬೆಳೆಯುತ್ತಲೇ ಇರುತ್ತಿತ್ತು. ಮಲಪ್ರಭಾ ನೀರಾವರಿಯ ಕರಭಾರದ ವಿರುದ್ಧ 1980ರ ಜುಲೈ 21ರಂದು ನರಗುಂದದಲ್ಲಿ ಎದ್ದು ನಿಂತ ರೈತರ ಮೇಲೆ ಗುಂಡು ಹಾರಿತು, ಜೀವಗಳು ಹೋದವು. 2011ರಲ್ಲಿ ಹಳ್ಳಿಗುಡಿಯ ಸುತ್ತಿನ ಹೊಲಗಳಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆ ಬರುವುದಿದ್ದಾಗ ತೋಂಟದ ಸಿದ್ಧಲಿಂಗ ಸ್ವಾಮಿಗಳೊಂದಿಗೆ ಜನ ಬೀದಿಗಿಳಿದರು. ಯೋಜನೆ ಹಿಂದೆ ಸರಿಯಿತು. ಗಣಿಯ ಭಯವಿದ್ದ ಕಪ್ಪತಗುಡ್ಡಕ್ಕಾಗಿ ವರ್ಷಗಟ್ಟಲೆ ಹೋರಾಡಿದರು. 2019ರಲ್ಲಿ ಅದು ವನ್ಯಜೀವಿಧಾಮವಾಯಿತು.

ಇವರು ಕೇಳಿದ್ದೇನು? ಬಂಗಲೆಯನ್ನಲ್ಲ. ತಮ್ಮ ಹೊಲ, ತಮ್ಮ ಗುಡ್ಡದ ಗಾಳಿ, ತಮ್ಮ ರೊಟ್ಟಿ ತಮಗೆ ಉಳಿಯಲಿ ಎಂದರು. ಎಂದರೆ, ಸಣ್ಣ ಸುಖದ ಬೆಲೆ ನಿಜವಾಗಿ ಗೊತ್ತಿದ್ದುದು ಇವರಿಗೆ. ಗೊತ್ತಿದ್ದುದರಿಂದಲೇ ಅತೃಪ್ತರಾದರು. ತೃಪ್ತಿಗೂ ಅಸಮಾಧಾನಕ್ಕೂ ಹಗೆಯಿದೆಯೆಂದು ನಮ್ಮ ಉಪದೇಶಕರು ತಿಳಿದಿದ್ದಾರೆ. ನನಗಂತೂ ಅವೆರಡೂ ಒಂದೇ ಮನೆಯ ಅಣ್ಣತಮ್ಮಂದಿರೆಂದು ತೋರುತ್ತದೆ. ಒಬ್ಬ ಮನೆಯೊಳಗೆ ಉಣ್ಣುವಾಗ ಇನ್ನೊಬ್ಬ ಬಾಗಿಲು ಕಾಯುತ್ತಾನೆ.

ಮಾಗಡಿಯ ಕೆರೆಗೆ 2024ರಲ್ಲಿ ರಾಮ್ಸಾರ್ ಪಟ್ಟಿಯಲ್ಲಿ ಸ್ಥಾನ ಸಿಕ್ಕಿತು. ನಮಗೆಲ್ಲ ಹೆಮ್ಮೆಯ ವಿಷಯ. ರಜೆಯ ದಿನ ಕಾರಿನಲ್ಲಿ ಹೋಗಿ, ಹಕ್ಕಿಗಳ ಚಿತ್ರ ತೆಗೆದು, ಇಲ್ಲಿಯ ಜನ ಎಂಥ ಭಾಗ್ಯವಂತರು ಎಂದುಕೊಂಡು ಹಿಂದಿರುಗುತ್ತೇವೆ. ಹೆಬ್ಬಾತು ಹೊಲಕ್ಕಿಳಿದು ಎಳೆಯ ಪೈರು ಮೇಯುವ ಹಕ್ಕಿ. ಆದರೂ ಊರಿನವರು ಅದಕ್ಕೆ ಕೇಡು ಬಗೆಯುವುದಿಲ್ಲ. ನಾವು ಪುಕ್ಕಟೆಯಾಗಿ ಪಡೆದ ಒಂದು ಮುಂಜಾವಿನ ಸುಖಕ್ಕೆ ಬೇರೆ ಯಾರದೋ ಹೊಲ ಕಂದಾಯ ಕಟ್ಟಿರಬಹುದಲ್ಲವೆ?

ಪಟ್ಟಣದ ಓದುಗರು ಇದನ್ನು ತಮ್ಮ ಮೇಲಿನ ದೂರೆಂದು ತಿಳಿಯಬಾರದು. ಭಾನುವಾರದ ಬೆಳಗು, ಕೈಯಲ್ಲಿ ಚಹದ ಬಟ್ಟಲು, ಮುಂದೆ ಈ ಪುರವಣಿ, ಇದೂ ಒಂದು ಸಣ್ಣ ಸುಖವೇ. ನನಗೂ ಇದು ಬಹಳ ಪ್ರಿಯ. ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಸುಖವನ್ನು ನಾವು ಸಂಕೋಚವಿಲ್ಲದೆ ಸವಿಯೋಣ. ಆದರೆ ಮತ್ತೊಬ್ಬನ ಬಡತನವನ್ನು ನಮ್ಮ ಮನಶ್ಶಾಂತಿಗೆ ಔಷಧವನ್ನಾಗಿ ಮಾಡಿಕೊಳ್ಳುವುದು ಬೇಡ.

ಆ ಉಪನ್ಯಾಸಕರಿಗೂ ಒಂದು ವಿನಂತಿ. ಇನ್ನೊಮ್ಮೆ ಯಳವತ್ತಿಗೆ ಹೋದಾಗ ಬೇವಿನ ನೆರಳಿನಲ್ಲಿ ದೂರ ನಿಂತು ನೋಡಬೇಡಿ. ಹತ್ತಿರ ಹೋಗಿ ಕುಳಿತುಕೊಳ್ಳಿ. ಆತ ನಿಮಗೂ ಒಂದು ರೊಟ್ಟಿ ಕೊಡದೆ ಇರಲಾರ. ಆ ನಾಡಿನ ರೂಢಿ ಅದು. ತಿನ್ನುತ್ತ, ಈ ಸಲ ಜೋಳ ಎಷ್ಟು ಚೀಲವಾಯಿತು, ಧಾರಣೆ ಏನು ಸಿಕ್ಕಿತು, ಸಾಲ ಎಷ್ಟು ಉಳಿಯಿತು ಎಂದು ಕೇಳಿ. ರೊಟ್ಟಿ ಬಡಿದ ತಾಯಿಯನ್ನೂ ಮಾತಾಡಿಸಿ. ಅವರ ಉತ್ತರವನ್ನೆಲ್ಲ ಕೇಳಿದ ಮೇಲೂ ಅವರಿಗೆ ಏನು ಕೊರತೆಯೆಂದು ಕೇಳುವ ಧೈರ್ಯ ನಿಮ್ಮಲ್ಲಿ ಉಳಿದಿದ್ದರೆ, ಮುಂದಿನ ಸಭೆಗೆ ನಾನೂ ಬರುತ್ತೇನೆ.